ಸಂದರ್ಶನಕ್ಕೆ ಹೊರಟ ಉಣ್ಣೆ ಕೋಟು

ಓದದ ವಿಷಯದಿಂದ ಪೆಟ್ಟು ತಿಂದರೆ ಮನುಷ್ಯ ಹೇಗೋ ಸಮಾಧಾನ ಮಾಡಿಕೊಳ್ಳುತ್ತಾನೆ. ಓದಿದ ಶಾಸ್ತ್ರವೇ ಬಂದು ಕಚ್ಚಿದರೆ ಬಾಯಿ ಕಟ್ಟಿಹೋಗುತ್ತದೆ. ನನಗಾದದ್ದು ಅದೇ.

ಆಗ ನಾವು ಲಕ್ಷ್ಮೀಪುರದಲ್ಲಿದ್ದೆವು. ಪ್ರಾಣಿಶಾಸ್ತ್ರದ ಪದವಿ ಹಿಡಿದು ಮನೆಯಲ್ಲಿ ಕೂತಿದ್ದ ನನಗೆ ಸರ್ಕಾರಿ ಕೀಟಶಾಸ್ತ್ರ ವಿಭಾಗದಲ್ಲಿ ಸಹಾಯಕನ ಕೆಲಸಕ್ಕೆ ಸಂದರ್ಶನದ ಕರೆ ಬಂದಿತ್ತು. ಭತ್ತದ ಕಾಂಡ ಕೊರೆಯುವ ಹುಳ, ತೆಂಗಿನ ಸುಳಿ ತಿನ್ನುವ ದುಂಬಿ, ಎಲ್ಲದರ ಲ್ಯಾಟಿನ್ ಹೆಸರನ್ನೂ ಬಚ್ಚಲಮನೆಯಲ್ಲಿ ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ನಮ್ಮ ಜೊತೆಗಿದ್ದ ಸೋದರತ್ತೆ ಬಾಗಿಲಾಚೆಯಿಂದ, "ಯಾವ ದೇವ್ರ ಸಹಸ್ರನಾಮ ಕಣೋ ಇದು?" ಎಂದು ಕೇಳಿದ್ದರು.

ಸಂದರ್ಶನದ ಬೆಳಿಗ್ಗೆ ಹೆಂಡತಿ ಸರೋಜ ನನ್ನ ಮದುವೆಯ ಉಣ್ಣೆ ಕೋಟನ್ನು ಟ್ರಂಕಿನಿಂದ ತೆಗೆದು ಬಿಡಿಸಿ ಹಿಡಿದಳು. ಬೆನ್ನಿನ ತೂತುಗಳಲ್ಲಿ ಅವಳ ಮುಖ ಕಾಣಿಸುತ್ತಿತ್ತು.

"ಯಾವ ಹುಳ ಕಣ್ರೀ ಇದನ್ನ ತಿಂದಿರೋದು?"

"ನುಸಿ ಇರಬೇಕು."

"ಅಷ್ಟು ನಂಗೂ ಗೊತ್ತು. ನೀವು ಓದಿರೋ ಹೆಸರು ಹೇಳಿ."

ನಾನು ಓದಿದ್ದೆಲ್ಲ ಬೆಳೆ ತಿನ್ನುವ ಹುಳಗಳ ವಿಚಾರ. ಕೋಟು ತಿನ್ನುವುದು ಪಾಠದಲ್ಲಿ ಬಂದಿರಲಿಲ್ಲ. ಬೇರೆ ಕೋಟೂ ಇರಲಿಲ್ಲ. "ಮುಂದೆ ಚೆನ್ನಾಗೇ ಇದೆ. ಬೆನ್ನು ತೋರಿಸ್ಬೇಡಿ, ಅಷ್ಟೇ" ಎಂದು ಸರೋಜ ಗುಂಡಿ ಹಾಕಿ ಕಳಿಸಿದಳು.

ಸಂದರ್ಶನಕ್ಕೆ ಇಬ್ಬರು ಅಧಿಕಾರಿಗಳು ಕೂತಿದ್ದರು. ಭತ್ತ ಕೇಳಿದರು, ಹೇಳಿದೆ. ತೆಂಗು ಕೇಳಿದರು, ಅದನ್ನೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ಹೊರಡಿ ಎಂದಾಗ ಕೈ ಮುಗಿದು ಹಿಂದಿಂದಕ್ಕೇ ಹೆಜ್ಜೆ ಇಡತೊಡಗಿದೆ.

ಹಿರಿಯ ಅಧಿಕಾರಿ ಕನ್ನಡಕ ಏರಿಸಿ ನೋಡಿದರು. "ಇದೇನ್ರೀ, ಅರಮನೆ ದರ್ಬಾರೇ? ಆ ಕಾಲ ಮುಗೀತು. ತಿರುಗಿ ನಡೀರಿ."

ತಿರುಗಿದೆ. ಹಿಂದೆ ಕುರ್ಚಿ ಸರಿದ ಸದ್ದು.

"ಅಲ್ಲಾಡ್ಬೇಡಿ" ಎನ್ನುತ್ತ ಹಿರಿಯರು ನನ್ನ ಬೆನ್ನಿಗೆ ಚಿಮಟ ಹಾಕಿ ಏನನ್ನೋ ಹಿಡಿದೆತ್ತಿದರು. ಮೇಜಿನ ಬಿಳಿ ಕಾಗದದ ಮೇಲೆ ಕೂದಲು ಕೂದಲಾದ ಸಣ್ಣ ಹುಳವೊಂದು ನುಲಿಯುತ್ತಿತ್ತು.

"ಇದರ ಹೆಸರು ಹೇಳಿ."

ನಾನು ಕಾಗದದ ಮೇಲೆ ಬಗ್ಗಿ ಹುಳವನ್ನೇ ನೋಡಿದೆ.

"ಎಷ್ಟು ದಿನದಿಂದ ಸಾಕಿದ್ದೀರಿ?" ಎಂದರು ಇನ್ನೊಬ್ಬರು. ಅವರ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಹಿರಿಯರು ಅದನ್ನು ಗಾಜಿನ ಕೊಳವೆಗೆ ಹಾಕಿ, ಬಿರಡೆ ಒತ್ತಿ, ಜೋಪಾನವಾಗಿ ಬೀರುವಿನಲ್ಲಿಟ್ಟರು. "ನಮ್ಮ ಸಂಗ್ರಹದಲ್ಲಿ ಇದು ಇರ್ಲಿಲ್ಲ. ಬಹಳ ಉಪಕಾರ ಆಯ್ತು. ನೀವಿನ್ನು ಹೋಗ್ಬಹುದು."

ಮನೆ ಬಾಗಿಲಲ್ಲೇ ಅತ್ತೆ ಕಾದು ನಿಂತಿದ್ದರು. "ಏನಾಯ್ತೋ?"

"ನಮ್ಮನೆಯಿಂದ ಒಬ್ಬರನ್ನ ತಗೊಂಡ್ರು ಅತ್ತೆ" ಎಂದೆ.

ಅವರು ಸಂತೋಷದಿಂದ ದೇವರಿಗೆ ತುಪ್ಪದ ದೀಪ ಹಚ್ಚಲು ಒಳಗೆ ಓಡಿದರು. ತಡೆದು ನಿಲ್ಲಿಸಿ, ಆಯ್ಕೆಯಾದವರು ಯಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.