ಪುಟ್ಟಿಯ ವಿಮೆಗೆ ಯಾರ ಸಹಿ

ಯೋಗಾನಂದನಿಗೆ ಸಾಯುವುದಕ್ಕೆ ಅಂಥ ಅಭ್ಯಂತರವೇನೂ ಇರಲಿಲ್ಲ. ಸತ್ತ ಮೇಲೆ ಹಣ ಯಾರ ಕೈ ಸೇರುತ್ತದೆ ಎಂಬುದೇ ಅವನ ಸಂಕಟ. ಸಾವನದುರ್ಗದ ತಿರುವಿನಲ್ಲಿ ಬೈಕ್ ಜಾರಿ, ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ದಿನದಿಂದ ಅದೇ ಯೋಚನೆ. ಅವನೂ ಧನಲಕ್ಷ್ಮಿಯೂ ಐದು ವರ್ಷದಿಂದ ಮಾಗಡಿಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆ, ಮೂರು ವರ್ಷದ ಪುಟ್ಟಿಯೂ ಇದ್ದಾಳೆ, ಮದುವೆಯೊಂದು ಆಗಿಲ್ಲ. (ಪ್ರೀತಿಗೆ ತಾಳಿಯ ಹಂಗೇಕೆ ಎಂದು ಅವನು ಕಾಲೇಜಿನಲ್ಲಿ ಭಾಷಣ ಬಿಗಿದಿದ್ದ. ಚಪ್ಪಾಳೆ ತಟ್ಟಿದವರೆಲ್ಲ ಆಮೇಲೆ ಛತ್ರ ಹಿಡಿದು ಮದುವೆಯಾದರು.) ಕುದೂರಿನಲ್ಲಿರುವ ಅವನ ಅವ್ವ ಮುನಿಯಮ್ಮ ಇವರು ಒಟ್ಟಿಗೆ ಮನೆ ಹೂಡಿದಂದಿನಿಂದ ಮಾತು ಬಿಟ್ಟಿದ್ದಳು. ನಾಳೆ ತಾನು ಹೋದರೆ ಅವ್ವ ಎಲ್ಲವನ್ನೂ ಬಾಚಿಕೊಂಡು, ಇವರಿಬ್ಬರನ್ನು ಬೀದಿಗೆ ತಳ್ಳುತ್ತಾಳೆಂದು ಅವನಿಗೆ ನಿಜಕ್ಕೂ ಭಯ.

ಜೀವವಿಮೆಯ ಘನ ನಿರ್ಧಾರ ಕೈಗೊಂಡು ಏಜೆಂಟ್ ಚಿಕ್ಕಹನುಮಯ್ಯನವರನ್ನು ಮನೆಗೆ ಕರೆಸಿದ. ಅವರು ಬದುಕಿದ್ದಾಗಲೇ ಹಣ ವಾಪಸ್ ಬರುವ ಪಾಲಿಸಿಯನ್ನು ಬಾಯ್ತುಂಬ ಹೊಗಳಿದರು. ಆಸ್ಪತ್ರೆಯಲ್ಲಿ ನರ್ಸಾಗಿರುವ ಧನಲಕ್ಷ್ಮಿ, ಸತ್ತರಷ್ಟೇ ಹಣ ಬರುವ ಟರ್ಮ್ ಪಾಲಿಸಿಯೇ ಸಾಕು, ಅದರಲ್ಲಿ ಕಂತು ಕಡಿಮೆ ಎಂದಳು. ಬದುಕಿ ಉಳಿದರೆ ಮೂರು ಕಾಸೂ ಸಿಗದ ವ್ಯವಹಾರ ಯೋಗಾನಂದನಿಗೆ ಅವಮಾನವೆನಿಸಿತಾದರೂ ಒಪ್ಪಿದ.

ತೊಡಕು ಬಂದದ್ದು ನಾಮಿನಿಯ ಹೆಸರಿನ ಪಕ್ಕದ ‘ಸಂಬಂಧ’ ಎಂಬ ಖಾನೆಯಲ್ಲಿ. ‘ಬಾಳಸಂಗಾತಿ’ ಎಂದು ಬರೆಯಿರಿ ಎಂದ ಯೋಗಾನಂದ. ಆಫೀಸಿನಲ್ಲಿ ನೂರೆಂಟು ಪ್ರಶ್ನೆ ಕೇಳುತ್ತಾರೆ, ‘ಹೆಂಡತಿ’ ಎಂದೇ ಬರೆದುಬಿಡೋಣ ಎಂದರು ಏಜೆಂಟರು. ಸುಳ್ಳು ಬೇಡ, ಆಮೇಲೆ ಮದುವೆಯ ಸರ್ಟಿಫಿಕೇಟ್ ಕೇಳಿದರೆ ಹುಡುಕಿಕೊಡಲು ಇವನೇ ಇರುವುದಿಲ್ಲವಲ್ಲ ಎಂದಳು ಧನಲಕ್ಷ್ಮಿ. ಕೊನೆಗೆ ಏಜೆಂಟರೇ ದಾರಿ ತೋರಿಸಿದರು: ಮಗಳೆನ್ನಲು ಮದುವೆಯ ಸರ್ಟಿಫಿಕೇಟ್ ಬೇಡ, ಪುಟ್ಟಿಯೇ ನಾಮಿನಿಯಾಗಲಿ, ಅವಳಿಗೆ ಹದಿನೆಂಟು ತುಂಬುವ ತನಕ ಅವಳ ಪರವಾಗಿ ಹಣ ಪಡೆಯಲು ದೊಡ್ಡವರೊಬ್ಬರ ಸಹಿ ಬೇಕು, ತಾಯಿ ಹಾಕಲಿ. ಅವ್ವನ ಕೈಗೆ ಬಿಡಿಗಾಸೂ ಸಿಕ್ಕದಂತಾಯಿತೆಂದು ಯೋಗಾನಂದ ಇನ್ನೊಂದು ಲೋಟ ಟೀ ತರಿಸಿಕೊಂಡ.

ಹಾಗೇ ಧನಲಕ್ಷ್ಮಿಯ ಹೆಸರಿಗೂ ಒಂದು ಪಾಲಿಸಿ ಆಗಲೆಂದರು ಏಜೆಂಟರು. ನಾಮಿನಿ ಪುಟ್ಟಿ. ಯೋಗಾನಂದ ಪೆನ್ನಿನ ಮುಚ್ಚಳ ತೆಗೆದು ದೊಡ್ಡವರ ಜಾಗದಲ್ಲಿ ತನ್ನ ಸಹಿಗೆ ಸಿದ್ಧನಾದ.

“ಮುನಿಯಮ್ಮ ಅಂತ ಬರ್ಕೊಳಿ,” ಎಂದಳು ಧನಲಕ್ಷ್ಮಿ. “ಮಗೀಗೆ ಅಜ್ಜಿ.”

ಯೋಗಾನಂದನ ಕೈಯಿಂದ ಪೆನ್ನು ಬಿತ್ತು. ತಾನು ಕಲ್ಲುಗುಂಡಿನ ಹಾಗೆ ಬದುಕಿರುವಾಗ ಇದೆಂಥ ಅನ್ಯಾಯವೆಂದು ಕೇಳಿದ.

“ನೀನು ಗಾಡಿ ಓಡ್ಸೋದು ನೋಡಿದ್ರೆ ನಾನು ಹೋದ್ಮೇಲೂ ಇರ್ತೀಯ ಅನ್ನೋ ಗ್ಯಾರಂಟಿ ಇಲ್ಲ. ಇದ್ರೂ ತಿಂಗ್ಳು ತುಂಬೋದ್ರೊಳ್ಗೆ ಆ ದುಡ್ಡಲ್ಲಿ ಹೊಸ ಬೈಕ್ ತಂದ್ಬುಡ್ತೀಯ. ನಿಮ್ಮವ್ವ ಐದು ವರ್ಷದಿಂದ ಒಂದು ಹಠಾನೇ ಕೈಬಿಟ್ಟಿಲ್ಲ, ಇನ್ನು ಮಗೀನ ದುಡ್ಡು ಬೇರೇವ್ರಿಗೆ ಬಿಟ್ಕೊಡ್ತಾರಾ?”

ಮುನಿಯಮ್ಮನ ಸಹಿಗಾಗಿ ಭಾನುವಾರ ಪುಟ್ಟಿಯನ್ನೂ ಏಜೆಂಟರನ್ನೂ ಕರೆದುಕೊಂಡು ಕುದೂರಿನ ಬಸ್ಸು ಹತ್ತಿದರು. ಅವ್ವನನ್ನು ಎದುರಿಸಲು ಯೋಗಾನಂದ ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದ. ಮುನಿಯಮ್ಮ ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಏಜೆಂಟರು ಹೇಳಿದ್ದನ್ನೆಲ್ಲ ಕೇಳಿ, ಸೆರಗಿಗೆ ಕೈ ಒರೆಸಿಕೊಂಡು, ತನ್ನ ಹೆಸರಿನ ಪಕ್ಕ ಏನು ಬರೆದಿದೆಯೆಂದು ಕೇಳಿದಳು. ಅಜ್ಜಿ ಎಂದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ, ಪುಟ್ಟಿಯನ್ನು ಎತ್ತಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

“ಬಾರವ್ವ ಒಳಕ್ಕೆ, ಉಣ್ಣೀವಂತೆ,” ಎಂದು ಧನಲಕ್ಷ್ಮಿಯನ್ನು ಕರೆದಳು.

ಎಲ್ಲ ಸರಿಹೋಯಿತೆಂದು ಯೋಗಾನಂದನೂ ಚಪ್ಪಲಿ ಬಿಟ್ಟು ಹೊಸಿಲು ದಾಟಲು ಹೋದ. ಮುನಿಯಮ್ಮ ಏಜೆಂಟರತ್ತ ತಿರುಗಿದಳು.

“ಸಾ, ಈ ಕಾಗ್ದದಲ್ಲಿ ಇವನ ಹೆಸ್ರು ಎಲ್ಲೈತೆ?”

ಚಿಕ್ಕಹನುಮಯ್ಯನವರು ಕನ್ನಡಕ ಏರಿಸಿ, ಹಾಳೆಯ ಎರಡೂ ಮಗ್ಗುಲು ಪ್ರಾಮಾಣಿಕವಾಗಿ ನೋಡಿದರು. “ಎಲ್ಲೂ ಇಲ್ಲ ಕಣಮ್ಮ.”

“ಹಂಗಾದ್ರೆ ಜಗ್ಲಿ ಮೇಲೆ ಕೂತಿರ್ಲಿ. ತಾಳಿ ತಂದ ದಿನ ಒಳಕ್ಕೆ ಬರ್ಲಿ.”

ಯೋಗಾನಂದ ಜಗಲಿಯ ಮೇಲೆ ಕೂತ. ಅವನು ಬೈಕ್ ಓಡಿಸುವ ರೀತಿಯ ಬಗ್ಗೆ ಒಳಗೆ ಇಬ್ಬರು ಹೆಂಗಸರು ಆಗಲೇ ಒಂದಾಗಿ ಮಾತಾಡುತ್ತಿದ್ದರು. ಮುದ್ದೆಗೆ ಬಸ್ಸಾರು ಇರಬೇಕು, ವಾಸನೆ ಬರುತ್ತಿತ್ತು. ಏಜೆಂಟರಿಗೂ ಎಲೆ ಹಾಕಿದ್ದರು.