ಮೇಷ್ಟ್ರ ತಂಗಿ ರಂಗನಾಯಕಿ

ನಡುರಾತ್ರಿ ‘ಘಲ್’ ಎಂದು ಗೆಜ್ಜೆಯ ಸದ್ದಾಯಿತು. ಒಂದೇ ಒಂದು ಸಲ. ಕೊತ್ತತ್ತಿಯಲ್ಲಿ ಪುಟ್ಟರಾಜುವಿನ ಮನೆಯ ಜಗಲಿಯ ಮೇಲೆ ಮಲಗಿದ್ದ ಕಸ್ತೂರಿರಂಗ ಕಣ್ಣು ಬಿಟ್ಟ. ನಾಟಕಕ್ಕೆಂದು ಮಂಡ್ಯದಿಂದ ಕರೆಸಿ ಒಳಮನೆಯಲ್ಲಿ ಇಳಿಸಿದ್ದ ನಾಯಕಿ ಮಲ್ಲಿಗಮ್ಮ ಈ ಹೊತ್ತಿನಲ್ಲೂ ಅಭ್ಯಾಸ ಮಾಡುತ್ತಿದ್ದಾಳಲ್ಲ ಎಂದು ಸಂತೋಷಪಟ್ಟು ಮಗ್ಗುಲು ಬದಲಾಯಿಸಿದ. ಆಕೆ ಗೆಜ್ಜೆಯನ್ನು ಟ್ರಂಕಿಗೆ ತುಂಬುತ್ತಿದ್ದಳೆಂಬುದು ತಿಳಿದದ್ದು ಬೆಳಿಗ್ಗೆ, ಆಕೆ ಮೊದಲ ಬಸ್ಸಿಗೇ ಮಂಡ್ಯಕ್ಕೆ ಹೊರಟುಹೋದ ಮೇಲೆ.

ಕಾರಣವಿತ್ತು. ಕಸ್ತೂರಿರಂಗ ಮದ್ದೂರಿನಲ್ಲಿ ಕಾಲೇಜು ಮೇಷ್ಟರು. ಜಗತ್ತಿನ ವೀರರ ಕತೆಗಳೆಲ್ಲ ಒಂದೇ ಅಚ್ಚಿನವು ಎನ್ನುವ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಓದಿ, ಅದೇ ಅಚ್ಚಿನಲ್ಲಿ ಈ ಊರಿಗೊಂದು ನಾಟಕ ಬರೆದುಕೊಟ್ಟಿದ್ದ. ವೀರ ಮನೆ ಬಿಡುತ್ತಾನೆ, ರಾಕ್ಷಸನನ್ನು ಕೊಲ್ಲುತ್ತಾನೆ, ಗೆದ್ದು ಬರುತ್ತಾನೆ. ನಾಯಕಿ ಹಾರ ಹಿಡಿದು, ಅವನು ಬರುವ ತನಕ ಬಾಗಿಲಲ್ಲಿ ನಿಂತಿರುತ್ತಾಳೆ.

ಹಿಂದಿನ ಸಂಜೆ ಮಲ್ಲಿಗಮ್ಮ ಕೇಳಿದ್ದಳು: “ಸಾ, ನಂಗೆ ಮಾತೇ ಇಲ್ವಲ್ಲ?”

“ಸಿದ್ಧಾಂತದ ಪ್ರಕಾರ ನಾಯಕಿ ಅಂದ್ರೆ ವೀರನಿಗೆ ಸಿಗೋ ಬಹುಮಾನ ಕಣಮ್ಮ.”

“ಒಂದು ಆಡಾದ್ರೂ ಕೊಡಿ.”

“ಕಾಯೋಳು ಹಾಡೋದಿಲ್ಲ.”

“ಅಂಗಾದ್ರೆ ನಾನ್ಯಾಕೆ ಬುದ್ದಿ? ಒಂದು ಕಂಬ ನೆಟ್ಟು ಸೀರೆ ಸುತ್ತಿ. ಅದು ಊಟನೂ ಕೇಳಾಕಿಲ್ಲ.”

ಈಗ ಕಂಬವೂ ಇರಲಿಲ್ಲ, ಮಲ್ಲಿಗಮ್ಮನೂ ಇರಲಿಲ್ಲ.

ಕಸ್ತೂರಿರಂಗನಿಗೆ ಹೆಣ್ಣು ಗೊತ್ತಾಗಬೇಕಾಗಿದ್ದದ್ದೂ ಅಂದೇ. ಆ ಸಂಜೆ ಮಳವಳ್ಳಿಯಿಂದ ತಿರುನಾರಾಯಣ, ಗೋದಮ್ಮ ದಂಪತಿ ಮಗಳು ಪದ್ಮಳೊಡನೆ ನಾಟಕಕ್ಕೆ ಬರುವವರಿದ್ದರು. ಬಿ.ಎ. ಓದಿದ ಹುಡುಗಿ. ವರನ ಜಾಣ್ಮೆ ನೋಡಿ ಅಲ್ಲಿಯೇ ಒಪ್ಪಿಗೆ ಹೇಳುವುದೆಂದು ಮಾತಾಗಿತ್ತು. ನಾಟಕ ನಿಂತರೆ ಮದುವೆಯೂ ನಿಂತಂತೆ.

“ಯಾರಾದ್ರೂ ಗಂಡಸರೇ ಸೀರೆ ಉಟ್ಕೊಳ್ಳಿ,” ಎಂದ. ಊರಿನ ಗಂಡಸರೆಲ್ಲ ಒಟ್ಟಿಗೇ ಮೀಸೆ ಮುಟ್ಟಿಕೊಂಡರು.

ಪೆಂಡಾಲಿನ ಖರ್ಚು ಹೊತ್ತವನಿಗೇ ವೀರನ ಪಾತ್ರವೆಂಬುದು ಊರಿನ ಪದ್ಧತಿ. ಹಾಗಾಗಿ ಪುಟ್ಟರಾಜುವೇ ವೀರ. ಅವನು ಸಂತೆಯಲ್ಲಿ ಕರು ನೋಡುವಂತೆ ಮೇಷ್ಟರ ಮುಖ ನೋಡಿದ.

“ಈ ಊರಲ್ಲಿ ಮೀಸೆ ಇಲ್ದೋರು ನೀವೊಬ್ರೆ ಕಣ್ ಸಾ.”

“ಅಯ್ಯೋ, ಹೆಣ್ಣಿನ ಕಡೆಯೋರು ಬರ್ತಾರೆ!”

“ಬರ್ಲಿ ಬುಡಿ. ಸುಮ್ಕೆ ನಿಂತ್ಕಳೋದು ತಾನೆ? ನೀವೇ ಬರ್ದಿದ್ದೀರಿ.”

ಪುಟ್ಟರಾಜುವಿನ ತಾಯಿ ಚಲುವಮ್ಮ ತನ್ನ ಮದುವೆ ಸೀರೆ ತಂದು ಉಡಿಸಿದಳು. “ಒಟ್ಟೆ ಒಳೀಕೆ ಎಳ್ಕಳಪ್ಪ ಮೇಷ್ಟ್ರೆ, ನೆರಿಗೆ ನಿಲ್ತಿಲ್ಲ.” ದೂರ ನಿಂತು ನೋಡಿ ದೃಷ್ಟಿ ನೀವಾಳಿಸಿದಳು. “ಚೆಂದಾಗವ್ಳೆ ನಮ್ಮ ಮೇಷ್ಟ್ರು!”

“ಮೈಕಲ್ಲಿ ನನ್ನ ಹೆಸರು ಮಾತ್ರ ಹೇಳ್ಬೇಡಪ್ಪ,” ಎಂದು ಕಸ್ತೂರಿರಂಗ ಅಂಗಲಾಚಿದ. ಪುಟ್ಟರಾಜು ಒಪ್ಪಿದ, ಮಾತಿನಂತೆಯೇ ನಡೆದುಕೊಂಡ. ಜನ ತುಂಬಿದ ಮೇಲೆ ಮೈಕು ಕಿರ್ರೆಂದಿತು: “ಮೇಷ್ಟ್ರು ಪರದೆ ಹಿಂದೆ ಕೆಲಸದಲ್ಲವ್ರೆ. ನಾಯಕಿ ಪಾತ್ರದಲ್ಲಿ ಅವರ ಸ್ವಂತ ತಂಗಿ, ಕುಮಾರಿ ರಂಗನಾಯಕಿ!”

ಒಡಹುಟ್ಟಿದವರೇ ಇಲ್ಲದ ಕಸ್ತೂರಿರಂಗ ಸೆರಗಿನೊಳಗೆ ಬೆವೆತ.

ವೀರ ಮನೆ ಬಿಡುವ ಹಾಡು ಹಾಡಿದ. “ಒನ್ಸ್ ಮೋರ್!” ಎಂದು ಜನ ಕೂಗಿದರು. ಮತ್ತೆ ಹಾಡಿದ. ನೆಂಟರೊಬ್ಬರು ಹಾರ ಹಾಕಿದರು. ಹಾರದ ಗೌರವಕ್ಕೆ ಮತ್ತೊಮ್ಮೆ. ಪೆಂಡಾಲು ಅವನದು, ಸಾಕೆನ್ನುವವರು ಯಾರು? ಸೋಮನಹಳ್ಳಿಯ ಭಾವಮೈದುನ ಬಂದ, ಅವನ ಹಿಂದೆ ಅವನ ಷಡ್ಡಕ ಬಂದ. ವೀರ ಹೊಸಿಲು ದಾಟಲೇ ಇಲ್ಲ. ನಾಯಕಿ ನಿಂತೇ ಇದ್ದಳು. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ಸೊಳ್ಳೆ ಕೂತು ಸಾವಕಾಶವಾಗಿ ಊಟ ಮಾಡಿತು. ಆ ದಪ್ಪ ಪುಸ್ತಕ ಬರೆದ ಪಂಡಿತ ಒಂದು ಗಳಿಗೆಯಾದರೂ ಹೀಗೆ ನಿಂತು ನೋಡಿದ್ದನೆ ಎಂಬ ಸಂಶಯ ಕಸ್ತೂರಿರಂಗನಿಗೆ ಮೊದಲ ಸಲ ಬಂತು.

“ಹೋಗಯ್ಯ ಬೇಗ,” ಹಲ್ಲು ಕಚ್ಚಿ ಪಿಸುಗುಟ್ಟಿದ. “ರಾಕ್ಷಸ ಕಾಯ್ತಿದ್ದಾನೆ.”

“ಕಾಯ್ಲಿ ಬುಡಿ ಸಾ. ನಮ್ಮಾವ ಇನ್ನೂ ಆರ ಆಕಿಲ್ಲ.”

ಕಡೆಗೂ ರಾಕ್ಷಸ ಸತ್ತ. ಪಾಪ, ನಿದ್ದೆ ಬಂದಿದ್ದರಿಂದ ಒಂದೇ ಏಟಿಗೆ. ಪರದೆ ಬಿದ್ದದ್ದೇ ಕಸ್ತೂರಿರಂಗ ಸೀರೆ ಬಿಚ್ಚಿ, ಮುಖ ತೊಳೆದು, ಬೆಲ್‌ಬಾಟಂ ಏರಿಸಿಕೊಂಡು ಮಳವಳ್ಳಿಯವರ ಮುಂದೆ ಓಡಿ ಕೈಮುಗಿದ.

ತಿರುನಾರಾಯಣ ಅವನ ಕೈ ಹಿಡಿದುಕೊಂಡರು. “ನಮಗೆ ಪೂರ್ತಿ ಒಪ್ಪಿಗೆಯಪ್ಪ!”

ಕಾಲುನೋವೆಲ್ಲ ಇಳಿದುಹೋಯಿತು. “ನಾಟಕ ಅಷ್ಟು ಹಿಡಿಸ್ತೆ?”

“ನಾಟಕ ಯಾರು ನೋಡಿದ್ರು? ನಿಮ್ಮ ತಂಗಿ!” ಎಂದರು ಗೋದಮ್ಮ. “ತಂಗಿ ಇದ್ದಾಳೆ ಅಂತ ನೀವು ಹೇಳೇ ಇರ್ಲಿಲ್ಲ! ಅಷ್ಟು ಹೊತ್ತು ತುಟಿ ಪಿಟಕ್ಕೆನ್ನದೆ ನಿಂತಿತ್ತಲ್ಲ ಆ ಮಗು! ಬ್ಲಫ್‌ನ ಪವರ್‌ಹೌಸಿನಲ್ಲಿ ಕೆಲಸದಲ್ಲಿರೋ ನಮ್ಮ ಮಗ ವೆಂಕಟೇಶಂಗೆ ಅಂಥ ಹುಡುಗೀನೇ ಬೇಕು.”

“ಅವಳು... ಅವಳಿಗೆ ಈಗಲೇ ಮದುವೆ ಬೇಡವಂತೆ.”

“ಬೇಡ ಅಂದ್ರೆ ಹೇಗೆ? ವಯಸ್ಸಿಗೆ ಬಂದ ತಂಗೀನ ಮನೇಲಿಟ್ಕೊಂಡು ಅಣ್ಣ ಹಸೆಮಣೆ ಏರೋದುಂಟೆ? ಮೊದಲು ಅವಳದಾಗ್ಲಿ, ಆಮೇಲೆ ಪದ್ಮನ್ನ ಕೊಡ್ತೀವಿ.”

ಕಸ್ತೂರಿರಂಗ ಬಾಯಿ ತೆರೆದ. ನಿಜ ಹೇಳಿದರೆ ಸೀರೆ ಉಟ್ಟ ಅಳಿಯ. ಹೇಳದಿದ್ದರೆ ಹುಟ್ಟದ ತಂಗಿಗೆ ಮದುವೆ. ಬಾಯಿ ಮುಚ್ಚಿದ.

ಪದ್ಮ ಅವನನ್ನೇ ನೋಡುತ್ತಿದ್ದಳು. ಅವನ ಕಿವಿಯ ಹಿಂದೆ ರೋಸ್ ಪೌಡರ್ ಉಳಿದಿತ್ತು, ಕಾಡಿಗೆ ಕೆನ್ನೆಗಿಳಿದಿತ್ತು. ಸೆರಗನ್ನು ಬಾಯಿಗೊತ್ತಿ, ಕೆಮ್ಮಿದಂತೆ ಮಾಡಿ, ಆಮೇಲೆ ಮೆಲ್ಲಗೆ ಹೇಳಿದಳು:

“ಹಾಗಾದ್ರೆ ಅಪ್ಪ, ಅಷ್ಟರಲ್ಲಿ ನಾನು ಮೈಸೂರಿಗೆ ಹೋಗಿ ಎಂ.ಎ. ಮುಗಿಸ್ತೀನಿ. ಇವರು ಹೇಗೂ ಕಾಯ್ತಾರಲ್ಲ.”

ಇಷ್ಟು ದಿನ ಕೂಡದೆನ್ನುತ್ತಿದ್ದ ತಿರುನಾರಾಯಣ ಸಂತೋಷದ ಭರದಲ್ಲಿ, “ಹೋಗಮ್ಮ, ಹೋಗು,” ಎಂದುಬಿಟ್ಟರು.

ಊರಿಗೆ ಮರಳುವ ದಾರಿಯುದ್ದಕ್ಕೂ ಗೋದಮ್ಮ, “ಎಂಥ ಹುಡುಗಿ!” ಎನ್ನುತ್ತಲೇ ಇದ್ದರು. “ಹೌದಮ್ಮ, ಎಲ್ಲೂ ಸಿಗಲ್ಲ,” ಎಂದಳು ಪದ್ಮ. ಎಂ.ಎ. ಮುಗಿಯುವವರೆಗೆ ಮೇಷ್ಟರ ಕಿವಿಯ ಹಿಂದಿನ ಆ ಪೌಡರಿನ ವಿಷಯವನ್ನು ಯಾರೊಬ್ಬರಿಗೂ ಹೇಳಕೂಡದೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.