ಕೊನೆಯ ಗುಂಡು ಮತ್ತು ಐದೂ ಹತ್ತರ ಹಾಲು

ಹತ್ತು ಸಿನಿಮಾ ನೋಡಿದ್ದೇನೆ. ಹತ್ತರಲ್ಲೂ ಕೊನೆಗೆ ಯಾರು ಸತ್ತರೆಂದು ನನಗೆ ಗೊತ್ತಿಲ್ಲ. ಈ ಅನ್ಯಾಯಕ್ಕೆ ಕಾರಣರು ಇಬ್ಬರು: ನನ್ನ ಹೆಂಡತಿ ಇಂದ್ರಮ್ಮ ಮತ್ತು ನಮ್ಮ ಕೊಟ್ಟಿಗೆಯ ಸೀಮೆಹಸು ರಾಣಿ. ಇಬ್ಬರ ಮೇಲೂ ನನಗೆ ಸಮಪ್ರಮಾಣದ ಕೋಪವಿದೆ. (ಹಸುವಿಗಾದರೂ ಅದು ಅರ್ಥವಾಗುತ್ತದೆ.)

ಕ್ರಮವಾಗಿ ಹೇಳುತ್ತೇನೆ. ನಾನು ಬಿ.ಎಸ್ಸಿ., ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ಭಾನುವಾರ ಮಧ್ಯಾಹ್ನ ಮೂರೂವರೆಗೆ ಟೀವಿಯ ಒಂದು ಚಾನೆಲ್ಲಿನಲ್ಲಿ ಹಳೆಯ ಕೌಬಾಯ್ ಸಿನಿಮಾ ಬರುತ್ತದೆ. ಮರುಭೂಮಿ, ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು; ಮಾತು ಕಡಿಮೆ. ಆ ಕಡಿಮೆ ಮಾತೇ ನನಗೆ ಮುಖ್ಯ ಆಕರ್ಷಣೆ, ನಮ್ಮ ಮನೆಯಲ್ಲಿ ಸಿಗದ ವಸ್ತು ಅದೊಂದೇ. ಇವುಗಳಿಗೆಂದೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಕುದುರೆಗಳ ಸಂಖ್ಯೆ, ಧೂಳಿನ ಪ್ರಮಾಣ, ಹಾರಿಸಿದ ಗುಂಡು ಎಂದು ಕೆಂಪು ಶಾಯಿಯಲ್ಲಿ ಕಾಲಂ ಎಳೆದಿದ್ದೇನೆ. (ಆರು ಗುಂಡಿನ ಪಿಸ್ತೂಲಿನಿಂದ ಒಬ್ಬ ನಾಯಕ ಹನ್ನೊಂದು ಸಲ ಹೊಡೆದ. ಅವನಿಗೆ ಐದು ಅಂಕ ಕಳೆದಿದ್ದೇನೆ.) ಕೊನೆಯ ಕಾಲಂ 'ಅಂತ್ಯ'. ಅದು ಮೇಲಿನಿಂದ ಕೆಳಗಿನವರೆಗೆ ಖಾಲಿ.

ಏಕೆಂದರೆ ಸಿನಿಮಾ ಮುಗಿಯುವುದು ಐದೂವರೆಗೆ. ಸರಿಯಾಗಿ ಐದೂ ಹತ್ತಕ್ಕೆ, ಇಬ್ಬರು ಟೋಪಿಯವರು ಬೀದಿಯಲ್ಲಿ ಎದುರುಬದುರು ನಿಂತು ಬೆರಳು ಆಡಿಸುತ್ತಿರುವಾಗ, ಇಂದ್ರಮ್ಮ ಹಾಲಿನ ಕ್ಯಾನು ತಂದು ನನ್ನ ಕಾಲ ಹತ್ತಿರ ದಡ್ಡನೆ ಮಡಗುತ್ತಾಳೆ.

"ಏಳಿ, ಡೈರಿ ಬಾಗ್ಲು ಆಕ್ಬುಡ್ತಾರೆ."

ನಾನು ಕ್ಯಾನು ಹೊತ್ತು ಹೊರಡುತ್ತೇನೆ. ನನ್ನ ಬೆನ್ನು ತಿರುಗುವ ಮೊದಲೇ ಅವಳು ನನ್ನ ಕುರ್ಚಿಯಲ್ಲಿ ಕೂತು, ಕಾಲು ನೀಡಿ, ನನ್ನ ಸಿನಿಮಾದ ನನ್ನ ಕೊನೆಯನ್ನು ನೋಡುತ್ತಾಳೆ!

ಕ್ಯಾನು ನಾನೇ ಏಕೆ ಒಯ್ಯಬೇಕು? ಇದು ನಾನೇ ತೋಡಿಕೊಂಡ ಹಳ್ಳ. ಮಗಳು ಬಿಂದುಶ್ರೀ (ಈಗ ಯಲಿಯೂರಿನ ಸೊಸೆ) ಒಮ್ಮೆ ಹಾಲು ಹಾಕಿ, ಅದರ ಕೊಬ್ಬಿನಂಶ ಅಳೆಸಿ ಬಂದಾಗ "ಫ್ಯಾಟು ಎಷ್ಟು ಬಂತು?" ಎಂದು ಕೇಳಿದೆ. "ಮೂರೋ ನಾಕೋ" ಅಂದಳು. ದಶಾಂಶವಿಲ್ಲದ ಆ ಉತ್ತರ ಕೇಳಿ ಸಿಟ್ಟು ನೆತ್ತಿಗೇರಿ, "ಇನ್ನು ಮೇಲೆ ನಾನಲ್ಲದೆ ಬೇರೆ ಯಾರೂ ಈ ಕ್ಯಾನು ಡೈರಿಗೆ ಒಯ್ಯಕೂಡದು" ಎಂದು ರಾಜಶಾಸನ ಹೊರಡಿಸಿದೆ. ಶಾಸನ ಇಂದಿಗೂ ಜಾರಿಯಲ್ಲಿದೆ. 'ಮೊಬೈಲಿನಲ್ಲಿ ಹುಡುಕಿ ನೋಡಬಹುದಲ್ಲ' ಎಂದು ನೀವು ಕೇಳಬಹುದು. ಅಂಗೈಯಷ್ಟು ಗಾಜಿನಲ್ಲಿ ಮರುಭೂಮಿ ನೋಡುವವರು ಬೇಕಾದರೆ ನೋಡಿಕೊಳ್ಳಲಿ. ಕುದುರೆ ಇರುವೆಯಂತೆ ಕಾಣುತ್ತದೆ.

ಮೊದಲಿನಿಂದ ಕೊನೆಯವರೆಗೆ ನೋಡುವವಳು ಮನೆಯಲ್ಲಿ ಒಬ್ಬಳೇ, ನನ್ನ ಅವ್ವ ಹೊಂಬಾಳಮ್ಮ. ಆದರೆ ಅವಳು ನೋಡುವುದು ಬರೀ ದನಗಳನ್ನು.

"ಇಷ್ಟೊಂದ್ ದನ ಅವೆ, ಸಗಣಿ ಬಾಚೋರ್ ಯಾರ್ಲಾ? ಟೋಪಿ ಆಕ್ಕಂಡೋನು ಒಬ್ನೂ ಬಗ್ಗಾಕಿಲ್ವಲ್ಲ!"

ಹೀಗಿರುವಾಗ ಮದ್ದೂರಿನಿಂದ ಹಳೆಯ ಸಹೋದ್ಯೋಗಿ ಶಿವರಾಜು ಫೋನು ಮಾಡಿದರು. ಅಲ್ಲಿ ನಿವೃತ್ತರು ಸೇರಿ ಒಂದು ಚಿತ್ರ ಬಳಗ ಕಟ್ಟಿಕೊಂಡಿದ್ದಾರೆ. 'ನೋಡಲೇಬೇಕಾದ ಹತ್ತು ಹಳೆಯ ಕೌಬಾಯ್ ಚಿತ್ರಗಳು' ಎಂಬ ವಿಷಯವಾಗಿ ಭಾನುವಾರ ಹನ್ನೊಂದಕ್ಕೆ ನಾನು ಉಪನ್ಯಾಸ ಕೊಡಬೇಕಂತೆ. ಮೂವತ್ತು ವರ್ಷದಿಂದ ನನ್ನ ಮಾತನ್ನು ಕೇಳಿದವರೆಲ್ಲ ಹಾಜರಿ ಕಡ್ಡಾಯವಾಗಿದ್ದವರು. ಇದೇ ಮೊದಲು ಜನ ತಾವಾಗಿ ಬಂದು ಕೂರುವುದು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಖಾಲಿ ಕಾಲಂ ನೆನಪಾಯಿತು. ಅಂತ್ಯ ಗೊತ್ತಿಲ್ಲದವನು ಹತ್ತು ಸಿನಿಮಾ ಶಿಫಾರಸು ಮಾಡುವುದೇ? ಮಾನ ಉಳಿಯಬೇಕಾದರೆ ಇಂದ್ರಮ್ಮನನ್ನೇ ಕೇಳಬೇಕು.

ಶನಿವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅವಳೆದುರು ಕೂತೆ.

"ಇಂದ್ರಾ, ಮೂರನೇ ಸಿನಿಮಾ. ಕುಂಟು ಕಾಲಿನ ಪೊಲೀಸಿನೋನು ಒಬ್ಬ ಇದ್ನಲ್ಲ, ಕೊನೇಲಿ ಏನಾಯ್ತು?"

"ಒಬ್ಬ ಸತ್ತ ಕಣ್ರೀ."

"ಯಾರು?"

"ಟೋಪಿ ಆಕ್ಕಂಡಿದ್ದೋನು."

"ಎಲ್ರೂ ಟೋಪಿ ಹಾಕ್ಕೊಂಡಿರ್ತಾರೆ ಕಣೇ!"

"ಅದ್ಕೆ ನಾನೇನ್ ಮಾಡ್ಲಿ? ಮೊದ್ಲಿಂದ ನೋಡ್ದೋರು ನೀವು. ಯಾರ್ಯಾರು ಏನೇನು ಅಂತ ನಿಮ್ಗೇ ಗೊತ್ತಿರ್ಬೇಕು."

"ನಾನು ಕೊನೆ ನೋಡಿಲ್ವಲ್ಲ!"

"ನಾನು ಮೊದ್ಲು ನೋಡಿಲ್ವಲ್ಲ! ಮೂರೂವರೆಯಿಂದ ಐದೂ ಅತ್ತರವರ್ಗೂ ನಾನೆಲ್ಲಿರ್ತೀನಿ, ಏನ್ ಮಾಡ್ತೀನಿ, ಅದ್ಕೂ ಒಂದು ಕಾಲಂ ಮಡಗಿದ್ದೀರಾ ಬುಕ್ಕಲ್ಲಿ?"

ಹುಲ್ಲು ಕೊಯ್ದು, ಕೊಟ್ಟಿಗೆ ಗುಡಿಸಿ, ಹಸು ತೊಳೆದು, ಹಾಲು ಕರೆಯುತ್ತಾಳೆಂದು ನನಗೆ ಗೊತ್ತು. ಆದರೆ ಅದು ಪ್ರಶ್ನೆಗೆ ಸಂಬಂಧಪಟ್ಟ ಉತ್ತರವೇ? ಅವ್ವನ ಕಡೆ ತಿರುಗಿದೆ.

"ಅಸುಗೊಳೆಲ್ಲ ಸಂದಾಗವ್ವೆ ಕಣ್ಲಾ ಮಗ" ಅಂದಳು ಅವ್ವ. "ಅಷ್ಟ್ ಸಾಕು ಬುಡು."

ನೋಟ್‌ಬುಕ್ ಮುಚ್ಚಿ ಎದ್ದೆ. ಸಿಟ್ಟಿನಲ್ಲಿ ಮನುಷ್ಯ ತಪ್ಪು ಮಾಡುತ್ತಾನೆ. ವಿಜ್ಞಾನಿ ಅದೇ ತಪ್ಪನ್ನು ಲೆಕ್ಕ ಹಾಕಿ ಮಾಡುತ್ತಾನೆ. ಲಭ್ಯ ಮಾಹಿತಿಯಿಂದಲೇ ಅಂತ್ಯ ಕಂಡುಹಿಡಿಯಲು ಕೂತೆ. ಮೂರನೇ ಸಿನಿಮಾದಲ್ಲಿ ನಾನು ಎದ್ದುಹೋಗುವ ಹೊತ್ತಿಗೆ ದುಷ್ಟ ಐದು ಗುಂಡು ಹಾರಿಸಿದ್ದ, ಉಳಿದದ್ದು ಒಂದು. ಪೊಲೀಸಿನವನ ಹತ್ತಿರ ಆರಕ್ಕೆ ಆರೂ ಇದ್ದವು. ಆದ್ದರಿಂದ 'ಬದುಕಿದ' ಎಂದು ಬರೆದೆ. ಹೀಗೆ 'ಅಂತ್ಯ'ದ ಕಾಲಂ ಹತ್ತು ಸಾಲೂ ತುಂಬಿತು.

ಭಾನುವಾರ ಇಂದ್ರಮ್ಮನೂ ಜೊತೆಗೆ ಮದ್ದೂರಿಗೆ ಬಂದಳು. ನನ್ನ ಮಾತು ಕೇಳಲು ಅಂದುಕೊಂಡಿರಾ? ಕ್ಯಾನಿನ ಮುಚ್ಚಳಕ್ಕೆ ಹೊಸ ರಬ್ಬರು ಬೇಕಿತ್ತು.

ಮೂವತ್ತೊಂದು ಜನ ಸೇರಿದ್ದರು. ನಲವತ್ತು ನಿಮಿಷ ಮಾತಾಡಿದೆ. ಧೂಳು, ಮೌನ, ಗುಂಡಿನ ಲೆಕ್ಕ, ಎಲ್ಲವನ್ನೂ ಮುಟ್ಟಿದೆ. ಚಪ್ಪಾಳೆಯೂ ಬಂತು. ಆಗ ನಿವೃತ್ತ ಪೋಸ್ಟ್‌ಮ್ಯಾನ್ ಮಹದೇವು ಎದ್ದು ನಿಂತರು.

"ಮೇಷ್ಟ್ರೇ, ಆ ಕುಂಟ ಪೊಲೀಸು ಕೊನೇಲಿ ಬದುಕ್ಕಂಡ್ನಾ?"

"ಬದುಕಿದ" ಎಂದೆ ಗಂಭೀರವಾಗಿ. "ಶತ್ರುವಿನ ಹತ್ತಿರ ಉಳಿದಿದ್ದದ್ದು ಒಂದೇ ಗುಂಡು. ಆದ್ದರಿಂದ..."

"ಎಲ್ ಬದುಕ್ದ?" ಹಿಂದಿನ ಬೆಂಚಿನಿಂದ ನನ್ನ ಮನೆಯ ಧ್ವನಿ. "ಆ ಕುಂಟೋನೇ ಸತ್ತೋದ ಕಣ್ರೀ, ನೆನ್ನೆ ಸಿಟ್ಗೆ ಯೋಳ್ಳಿಲ್ಲ! ಆ ಒಂದೇ ಗುಂಡಲ್ಲೇ ಸತ್ತ."

ಸಭೆ ಹಿಂದಕ್ಕೆ ತಿರುಗಿತು. ಇಂದ್ರಮ್ಮ ಕೈಯಲ್ಲಿ ರಬ್ಬರಿನ ಬಳೆ ಹಿಡಿದುಕೊಂಡೇ ಎದ್ದು ನಿಂತಳು.

"ಕುದ್ರೆ ಒಂದೇ ವಾಪಸ್ ಬಂತು. ಮೇಲೆ ಯಾರೂ ಇಲ್ಲ. ಮನೆ ಮುಂದೆ ಬಂದು ನಿಂತ್ಕತು. ಆ ಎಂಗಸು ಅಳ್ಳಿಲ್ಲ. ಕುದ್ರೆಗೆ ನೀರ್ ಮಡಗಿ, ಬೆನ್ನು ಒರೆಸಿದ್ಲು. ಅಷ್ಟೆ. ಮುಗೀತು." ನನ್ನ ಕಡೆ ತಿರುಗಿ ಹೇಳಿದಳು: "ಅವ್ಳು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಗೊತ್ತಿದ್ದ ಉತ್ತರ ಹೇಳದಿರುವ ಅಭ್ಯಾಸ ನನಗಿಲ್ಲ.

"ಅವನ ಹೆಂಡತಿ" ಎಂದೆ. "ಮೊದಲನೇ ದೃಶ್ಯದಲ್ಲಿ ಆ ಕುದುರೆ ಅವಳದೇ. 'ನೀನು ಬರದಿದ್ದರೂ ಇದನ್ನಾದರೂ ವಾಪಸು ಕಳಿಸು' ಅಂದು ಕೊಟ್ಟಿದ್ದಳು."

"ಅಯ್ಯೋ ಸಿವನೇ!" ಎಂದು ಇಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಮೊದ್ಲೇ ಯೋಳಕೇನಾಗಿತ್ತು ನಿಮ್ಗೆ?"

ಆಮೇಲೆ ಉಳಿದ ಒಂಬತ್ತು ಸಿನಿಮಾಗಳೂ ಹಾಗೇ ನಡೆದವು. ಮೊದಲು ನಾನು, ಕೊನೆ ಅವಳು. ನನ್ನ ಲೆಕ್ಕದ ಹತ್ತು ಅಂತ್ಯಗಳಲ್ಲಿ ಎಂಟು ತಪ್ಪು. ಆದರೆ ಸಭೆಗೆ ಅದರ ಚಿಂತೆಯೇ ಇರಲಿಲ್ಲ. "ಸಾವ್ರ ಅಸ ಮಡಗವ್ರೆ, ಕುಡಿಯೋದು ಮಾತ್ರ ಕರೀ ಕಾಫಿ! ಒಬ್ನಿಗಾದ್ರೂ ಆಲು ಕರಿಯಕ್ ಬತ್ತದಾ ಅಂತೀನಿ!" ಎಂದು ಅವಳು ಕೇಳಿದಾಗ ಮಹದೇವು ನಕ್ಕು ನಕ್ಕು ಕೆಮ್ಮು ಹತ್ತಿ ಹೊರಗೆ ಹೋಗಬೇಕಾಯಿತು.

ಶಿವರಾಜು ವೇದಿಕೆಗೆ ಬಂದರು. ನನ್ನನ್ನು ದಾಟಿಕೊಂಡು ಮುಂದೆ ಹೋಗಿ, "ಅಕ್ಕಾರೇ, ಮುಂದಿನ ಭಾನುವಾರ ಬಳಗದ ದೊಡ್ಡ ಟೀವಿಯಲ್ಲಿ ಎಲ್ಲರೂ ಒಟ್ಟಿಗೆ ಸಿನಿಮಾ ನೋಡೋಣ. ಮೊದಲಿಂದ ಕೂತು ನೋಡಿ, ಆಮೇಲೆ ನೀವೇ ಮಾತಾಡಬೇಕು" ಎಂದರು.

ಮುಂದಿನ ಭಾನುವಾರ ಒಂದೂವರೆಯ ಬಸ್ಸಿಗೆ ಅವ್ವ ಮತ್ತು ಇಂದ್ರಮ್ಮ, ಅತ್ತೆ ಸೊಸೆ ಇಬ್ಬರೂ ರೇಷ್ಮೆ ಸೀರೆ ಉಟ್ಟು ನಿಂತರು.

"ಹಾಲು ಯಾರು ಕರೀತಾರೆ? ಡೈರಿಗೆ ಯಾರು ಒಯ್ತಾರೆ?" ಎಂದು ಗುಡುಗಿದೆ.

"ಕ್ಯಾನು ಬೇರೆ ಯಾರೂ ಒಯ್ಯಕೂಡ್ದು ಅಂತ ನೀವೇ ಅಲ್ವರಾ ಯೋಳಿದ್ದು?" ಎಂದು ಇಂದ್ರಮ್ಮ ಬಸ್ಸು ಹತ್ತಿದಳು.

ರಾಣಿಗೆ ನನ್ನ ಕೈ ಹೊಸದು. ಮೊದಲ ಸಲ ಒದ್ದಾಗ ಸಹಿಸಿದೆ. ಎರಡನೆಯ ಸಲ ಪಕ್ಕದ ಮನೆಯ ರೇವಮ್ಮ ಗೋಡೆಯ ಮೇಲಿಂದ ಕೂಗಿದರು: "ಮೇಷ್ಟ್ರೇ, ಇಂದ್ರಮ್ಮನ ಅಳೇ ಸೀರೆ ಒದ್ಕಳಿ. ವಾಸ್ನೆ ಸಿಕ್ದಿದ್ರೆ ಅದು ಸೊರೆ ಬುಡಾಕಿಲ್ಲ, ಆಲು ಇಳ್ಸಾಕಿಲ್ಲ."

ಹೊದ್ದುಕೊಂಡೆ. ಹಸು ಶಾಂತವಾಯಿತು. ಒಳಗೆ ಟೀವಿ ಹಾಕಿಯೇ ಬಂದಿದ್ದೆ. ಗೋಡೆಯಾಚೆ ಗುಂಡು ಹಾರುತ್ತಿದ್ದವು. ಮೂರು, ನಾಲ್ಕು, ಐದು ಎಂದು ಎಣಿಸುತ್ತಾ ಕರೆದೆ. ಐದೂ ಹತ್ತಕ್ಕೆ ಕ್ಯಾನು ಎತ್ತಿಕೊಂಡು ಓಡಿದೆ. ಸೀರೆ ಮೈಮೇಲೇ ಇತ್ತೆಂದು ತಿಳಿದದ್ದು ಡೈರಿಯ ಸಾಲಿನಲ್ಲಿ, ಮುಂದಿದ್ದವನು ಮುಖ ನೋಡದೆ ಬರೀ ಸೀರೆ ಕಂಡು "ಬಾರಕ್ಕ, ನೀನ್ ಮುಂದಕ್ಕೋಗು" ಎಂದು ದಾರಿ ಬಿಟ್ಟಾಗ.

ಏಳು ಗಂಟೆಗೆ ಇಬ್ಬರೂ ನಗುತ್ತಾ ಬಂದರು. ಸಿಟ್ಟನ್ನೆಲ್ಲ ನುಂಗಿಕೊಂಡು ನೋಟ್‌ಬುಕ್ ತೆರೆದೆ.

"ಪೂರ್ತಿ ನೋಡಿದ್ಯಲ್ಲ. ಕೊನೇಲಿ ಏನಾಯ್ತು ಹೇಳು."

ಇಂದ್ರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಫ್ಯಾಟು ಎಷ್ಟು ಬಂತು?"

ಆ ಸೀರೆಯ ಅವಸ್ಥೆಯಲ್ಲಿ ಡೈರಿಯವರು ಫ್ಯಾಟು ಬರೆದುಕೊಡುವ ಚೀಟಿ ನೋಡದೆ ಓಡಿ ಬಂದಿದ್ದೆ.

"ಮೂರೋ ನಾಕೋ" ಎಂದೆ.

"ಒಬ್ಬ ಸತ್ತ ಕಣ್ರೀ" ಎಂದು ಅವಳು ಒಳಗೆ ಹೋದಳು.